ಸ್ಟೇಷನ್ ಎದುರಿನ ಗೋಡೆಯ ಮೇಲೆ ಬರೆದ ದೂರಗಳು

ಗಂಗಾವತಿಗೆ ರೈಲು ಬಂದದ್ದು ನಾನು ತಲೆಗೆ ಬಣ್ಣ ಹಚ್ಚುವುದನ್ನು ಬಿಟ್ಟ ಮೇಲೆ. ಅಷ್ಟು ತಡವಾಗಿ ಬಂದದ್ದಕ್ಕೆ ಊರಲ್ಲಿ ಯಾರಿಗೂ ಸಿಟ್ಟಿಲ್ಲ, ಬಂತಲ್ಲ ಎಂಬ ಪ್ರೀತಿಯೇ ಹೆಚ್ಚು. ಸ್ಟೇಷನ್ನಿಗೂ ನಮ್ಮ ಮನೆಗೂ ನಡುವೆ ಎರಡೇ ಓಣಿ. ನಾನು ಶಾಲೆಯ ಕೆಲಸದಿಂದ ನಿವೃತ್ತಳಾದ ವರ್ಷವೇ ಡಾಕ್ಟರು ಸಕ್ಕರೆ ಕಾಯಿಲೆ ಎಂದು ಹೇಳಿ, ದಿನಾ ನಡೆಯಬೇಕು ಎಂದರು. ಸುಮ್ಮನೆ ನಡೆಯುವುದು ನನಗೆ ಗೊತ್ತಿರುವ ವಿದ್ಯೆಯಲ್ಲ. ನಾನು ಹುಟ್ಟಿ ಬೆಳೆದ ತಾವರಗೇರಾ ಕಡೆ ಹೆಂಗಸೊಬ್ಬಳು ಕೈಯಲ್ಲಿ ಏನೂ ಹಿಡಿಯದೆ ದಾರಿ ಹಿಡಿದು ಹೊರಟರೆ, ಮೂರು ಮನೆಯವರು ಬಾಗಿಲಿಗೆ ಬಂದು "ಯಾಕವಾ, ಯಾರಿಗರ ಆರಾಮಿಲ್ಲೇನು?" ಎಂದು ಕೇಳುತ್ತಾರೆ. ಅದಕ್ಕೇ ನಾನು ರೈಲು ನೋಡುವ ನೆಪ ಮಾಡಿಕೊಂಡು ಹೊರಡುತ್ತೇನೆ.

ದಿನಕ್ಕೆ ಕೆಲವೇ ರೈಲು. ಉಳಿದ ಹೊತ್ತು ಸ್ಟೇಷನ್ನಿನ ಮುಂದಿನ ಅಂಗಳವೆಲ್ಲ ನಮ್ಮದೇ. ನನ್ನಂತಹ ಸಕ್ಕರೆಯವರು ಸುತ್ತು ಹಾಕುತ್ತಿರುತ್ತೇವೆ. ಆಟೋದವರು ಬೇವಿನ ನೆರಳಿಗೆ ಗಾಡಿ ಹಚ್ಚಿ, ಹಿಂದಿನ ಸೀಟಿನಲ್ಲಿ ಮಲಗಿ ಕಾಲುಗಳನ್ನು ಊರಿಗೆ ತೋರಿಸುತ್ತಿರುತ್ತಾರೆ. ರಸ್ತೆಯ ಆಚೆ ಚಹಾದಂಗಡಿ. ಅಂಗಡಿಯಾಕೆ ಮಿರ್ಚಿ ಕರಿಯಲು ಎಣ್ಣೆ ಇಟ್ಟಳೆಂದರೆ ರೈಲು ಹತ್ತಿರ ಬಂತೆಂದು ಆಟೋದ ಕಾಲುಗಳು ಒಳಗೆ ಹೋಗುತ್ತವೆ. ಅಂಗಡಿಯ ಹಿಂದಿನ ಓಣಿಯಲ್ಲಿ ಒಂದು ಖಾನಾವಳಿ, ಅದರಾಚೆ ಅಕ್ಕಿ ಮಿಲ್ಲುಗಳು, ಮಿಲ್ಲುಗಳಾಚೆ ಕಾಲುವೆ, ಕಾಲುವೆಯಾಚೆ ಕಣ್ಣು ಹೋದಷ್ಟೂ ಭತ್ತ. ಒಣಭೂಮಿಯಲ್ಲಿ ಹುಟ್ಟಿದ ನನಗೆ ಇಲ್ಲಿಗೆ ಬಂದು ನಲವತ್ತು ವರ್ಷವಾದರೂ ಆ ಹಸಿರನ್ನು ನೋಡಿದರೆ ಯಾರದೋ ಮನೆಯ ಹಬ್ಬಕ್ಕೆ ಕರೆಯದೇ ಬಂದಂತೆ ಒಂದು ಸಂಕೋಚ, ಒಂದು ಖುಷಿ.

ರೈಲಿನಿಂದ ಇಳಿಯುವವರಲ್ಲಿ ಪರವೂರಿನವರೂ ಇರುತ್ತಾರೆ. ಆನೆಗೊಂದಿಗೆ ಹೋಗುವವರು, ಅಂಜನಾದ್ರಿ ಹತ್ತುವವರು, ಸಾಣಾಪುರದ ಕೆರೆಯಲ್ಲಿ ಹರಿಗೋಲಿನಲ್ಲಿ ಕೂತು ಫೋಟೋ ತೆಗೆಸಿಕೊಳ್ಳುವವರು. ಅವರು ಹೊರಗೆ ಬಂದು ಕೇಳುವ ಮೊದಲ ಪ್ರಶ್ನೆ, ಎಷ್ಟು ದೂರ? ನಮ್ಮವರು ಕೊಡುವ ಉತ್ತರ ಒಂದೇ, "ಇಲ್ಲೇ ಐತ್ರಿ." ದೂರ ಎಂದು ಮೊದಲೇ ಹೇಳಿ ಬಂದವರ ಎದೆ ಒಡೆಯುವುದು ನಮ್ಮಲ್ಲಿ ಮರ್ಯಾದೆಯಲ್ಲ. ಹೊಸಪೇಟೆಯೂ ಇಲ್ಲೇ, ಕೊಪ್ಪಳವೂ ಇಲ್ಲೇ. ಹೋದ ಬೇಸಿಗೆಯಲ್ಲಿ ಗಂಡ ಹೆಂಡತಿ ಇಬ್ಬರು ಬೆನ್ನಿಗೆ ಚೀಲ ಹಾಕಿಕೊಂಡು ಬಂದು, ಸಾಣಾಪುರ ಎಲ್ಲಿ ಎಂದು ನಮ್ಮ ವಾಕಿಂಗಿನ ಹಿರಿಯರೊಬ್ಬರನ್ನು ಕೇಳಿದರು. ಅವರು ಕೈ ಬೀಸಿ, "ಇಲ್ಲೇ ಐತ್ರಿ, ಹಿಂಗ ಸೀದಾ ಹೋಗ್ರಿ" ಎಂದರು. ಪಾಪ, ನಂಬಿ ನಡೆದರು. ಮಧ್ಯಾಹ್ನ ಅವರನ್ನು ಭತ್ತದ ಲಾರಿಯವನೊಬ್ಬ ಅರ್ಧ ದಾರಿಯಿಂದ ಹತ್ತಿಸಿಕೊಂಡು ತಿರುಗಿ ಸ್ಟೇಷನ್ನಿಗೇ ತಂದು ಇಳಿಸಿದ. ಇಬ್ಬರ ಮುಖವೂ ಸುಟ್ಟ ಬದನೆಕಾಯಿಯಂತಾಗಿತ್ತು.

ಆವತ್ತು ಆಟೋ ಸ್ಟ್ಯಾಂಡಿನ ಹಿರಿಯ ಡ್ರೈವರ್ ಕೆಂಡವಾದ. ಅವನು ಐದನೇ ಇಯತ್ತೆಯಲ್ಲಿ ನನ್ನ ವಿದ್ಯಾರ್ಥಿ. ಈಗ ಅವನ ಮೀಸೆಯೂ ಬೆಳ್ಳಗಾಗಿದೆ.

"ನೋಡ್ರಿ ಅಕ್ಕೋರ, ಗಿರಾಕಿ ನಡಕೊಂತ ಹ್ವಾದ್ರ ನಾವು ಆಟೋ ಯಾಕ ಇಟ್ಕೋಬೇಕು? ಒಂದು ಬೋರ್ಡ್ ಬರಸ್ತೀವಿ. ಯಾವ ಊರು, ಏನೈತಿ, ಎಷ್ಟು ದೂರ. ನೀವ ಬರ್ದು ಕೊಡ್ರಿ. ನಾಳೆ ಫ್ಲೆಕ್ಸ್ ಮಾಡಿಸಿ ಕಟ್ಟಿಬಿಡ್ತೀವಿ."

ಬೋರ್ಡಿಗೆ ಜಾಗ ಎಂದರೆ ಚಹಾದಂಗಡಿಯ ಪಕ್ಕದ ಗೋಡೆ. ಸ್ಟೇಷನ್ನಿನಿಂದ ಹೊರಬಂದವರ ಕಣ್ಣು ಮೊದಲು ಬೀಳುವುದೇ ಅದರ ಮೇಲೆ. ಅಂಗಡಿಯಾಕೆ ಮಿರ್ಚಿ ತಿರುವುತ್ತಲೇ ಒಪ್ಪಿದಳು. "ಗೋಡಿ ನಂದು. ನನ್ನ ಚಹಾನೂ ಅದ್ರಾಗ ಇರಬೇಕು ಮತ್ತ."

ಈ ಮಾತುಕತೆಯೆಲ್ಲ ಆಗುವಾಗ ಬೆಂಚಿನ ತುದಿಯಲ್ಲಿ ಕೂತಿದ್ದವರು ಪೇಂಟರ್ ಚಾಚಾ. ನಮ್ಮ ಓಣಿಯವರೇ. ಒಂದು ಕಾಲದಲ್ಲಿ ಈ ಊರಿನ ಅರ್ಧ ಅಂಗಡಿಗಳ ಬೋರ್ಡು, ಮಿಲ್ಲುಗಳ ಗೇಟು, ಲಾರಿಗಳ ಹಿಂಬದಿ ಎಲ್ಲ ಅವರ ಕೈಯವು. ನನ್ನ ಶಾಲೆಯ ಗೋಡೆಯ ಮೇಲೆ ಅಆಇಈ ಬರೆದದ್ದೂ ಅವರೇ. ಫ್ಲೆಕ್ಸ್ ಬಂದ ಮೇಲೆ ಅವರನ್ನು ಕರೆಯುವವರು ಕಡಿಮೆಯಾದರು. ಆಮೇಲೆ ಯಾರೂ ಕರೆಯಲಿಲ್ಲ. ಚಾಚಾ ಚಹಾದ ಲೋಟ ಕೆಳಗಿಟ್ಟು ನನ್ನ ಕಡೆ ನೋಡಿದರು, ಡ್ರೈವರ್ ಕಡೆ ಅಲ್ಲ.

"ಅಕ್ಕೋರ, ಆ ಗೋಡಿ ನನಗ ಕೊಡಸ್ರಿ. ಬ್ರಶ್ ಒಣಗಿ ಕಡ್ಡಿ ಆಗ್ಯಾವು. ಮನ್ಯಾಗ ಕುಂತ್ರ ನನ್ನ ಹೆಂಡ್ತಿ ದಿನಕ್ಕ ಹತ್ತು ಸಲ ಮಾರ್ಕೆಟ್ಟಿಗೆ ಕಳಸ್ತಾಳ."

ಡ್ರೈವರ್ ನಕ್ಕ. "ಚಾಚಾ, ಕೈ ನಡಗತಾವಲ್ಲ ನಿಮ್ಮವು? ಲೋಟ ಹಿಡದಾಗ ನೋಡೀನಿ ನಾ."

"ಲೋಟ ಹಿಡದಾಗ ನಡಗತಾವಪಾ, ಯಾಕಂದ್ರ ಇಕಿ ಚಹಾ ಹಂಗ ಇರ್ತೈತಿ. ಬ್ರಶ್ ಹಿಡದಾಗ ನೋಡು."

ಅಂಗಡಿಯಾಕೆ ಮಿರ್ಚಿ ತೆಗೆಯುವ ಜಾರಿ ಎತ್ತಿ ಹೊಡೆಯುವಂತೆ ಮಾಡಿದಳು. ಅಷ್ಟರಲ್ಲಿ ಚಹಾಕ್ಕೆ ಬಂದು ನಿಂತಿದ್ದ ಒಬ್ಬ ಮಿಲ್ಲಿನ ಸಾಹುಕಾರರು ಈ ಮಾತು ಕೇಳಿಸಿಕೊಂಡರು. ಆಂಧ್ರದಿಂದ ಅವರ ಅಜ್ಜ ಕಾಲುವೆಯ ಬೆನ್ನು ಹತ್ತಿ ಬಂದವರು. ಮನೆಯಲ್ಲಿ ತೆಲುಗು, ಹೊರಗೆ ನಮ್ಮ ಮಾತು. ಅವರೆಂದರು: "ಬರೀರಿ ಚಾಚಾ. ಐತವಾರ ಬೀಗರನ್ನ ಕರಕೊಳ್ಳಾಕ ಸ್ಟೇಷನ್ನಿಗೆ ಬರ್ತೀನಿ, ಆವಾಗ ನೋಡ್ತೀನಿ. ಛಲೋ ಆಗಿದ್ರ ನಮ್ಮ ಮಿಲ್ಲಿನ ಕಂಪೌಂಡ್ ನಿಮಗ. ಇಷ್ಟುದ್ದ ಗೋಡಿ, ತಿಂಗಳುಗಟ್ಟಲೆ ಕೆಲಸ."

ಚಾಚಾ ಬೆಂಚಿನಿಂದ ಎದ್ದು ಗೋಡೆಯ ಹತ್ತಿರ ಹೋಗಿ, ಎಮ್ಮೆ ಕೊಳ್ಳುವವರು ಎಮ್ಮೆಯ ಬೆನ್ನು ಸವರುವಂತೆ ಅದನ್ನು ಸವರಿದರು. ಆ ಮಿಲ್ಲಿನ ಗೋಡೆ ಸಿಕ್ಕರೆ ಉಳಿದ ಮಿಲ್ಲುಗಳವರೂ ಕರೆಯುತ್ತಾರೆ, ಸಿಗದಿದ್ದರೆ ಇನ್ನು ಮಾರ್ಕೆಟ್ಟಿನ ಚೀಲವೇ ಗತಿ ಎಂಬುದು ಅಲ್ಲಿದ್ದ ಎಲ್ಲರಿಗೂ ತಿಳಿದಿತ್ತು.

ಬರೆದುಕೊಡುವ ಕೆಲಸ ನನ್ನದು. ಸುಲಭ ಎಂದುಕೊಂಡೆ. ಮರುದಿನ ನೋಟ್‌ಬುಕ್ಕಿನ ಒಂದು ಹಾಳೆ ಹಿಡಿದು ಬೆಂಚಿನ ಮೇಲೆ ಕೂತು ಜಾಗಗಳ ಹೆಸರು ಬರೆದೆ. ದೂರಕ್ಕೆ ಬಂದಾಗ ಗದ್ದಲ ಶುರುವಾಯಿತು. ಒಬ್ಬ ಡ್ರೈವರ್ ಹೇಳಿದ ಕಿಲೋಮೀಟರಿಗೆ ಇನ್ನೊಬ್ಬ ನಾಲ್ಕು ಕೂಡಿಸುತ್ತಾನೆ. ನನ್ನ ಹಳೇ ವಿದ್ಯಾರ್ಥಿ ಇಬ್ಬರಿಗಿಂತ ಹೆಚ್ಚು ಹೇಳುತ್ತಾನೆ.

"ಲೋ, ನಿಂಗ ಕೂಡಿಸೋ ಲೆಕ್ಕ ಆವಾಗ ಬರ್ತಿದ್ದಿಲ್ಲಲ್ಲೋ, ಈಗ ಹೆಂಗ ಬಂತು?" ಎಂದೆ.

"ಆಟೋ ಹೊಡ್ಯಾಕ ಹತ್ತಿದ ಮ್ಯಾಲೆ ಬಂತ್ರೀ ಅಕ್ಕೋರ."

ಫೋನಿನ ನಕ್ಷೆ ಕೇಳಿದರೆ ಅದು ಒಂದೊಂದು ದಾರಿಗೆ ಒಂದೊಂದು ಅಂಕಿ ತೋರಿಸಿತು. ಕಡೆಗೆ ನಾನು ಕಿಲೋಮೀಟರು ನಾಳೆ ನೋಡೋಣ ಎಂದು ಬಿಟ್ಟು, ಸುಮ್ಮನೆ ಅಲ್ಲಿದ್ದವರನ್ನೆಲ್ಲ ನಿಮ್ಮ ಪ್ರಕಾರ ಎಷ್ಟು ದೂರ ಎಂದು ಕೇಳತೊಡಗಿದೆ. ಇದು ನನ್ನ ಹಳೆಯ ಚಟ. ನಮ್ಮ ಅಜ್ಜಿ ಗಡಿಯಾರವನ್ನಾಗಲಿ ಮೈಲಿಗಲ್ಲನ್ನಾಗಲಿ ನಂಬಿದವಳಲ್ಲ. ಯಲಬುರ್ಗಾದ ತವರಿಗೆ ಹೋಗುವುದೆಂದರೆ ಅವಳಿಗೆ "ಹೊತ್ತು ಮಾರುದ್ದ ಏರೂದ್ರೊಳಗ ಹೊಂಟ್ರ ಮುಳುಗೂದ್ರೊಳಗ ಮುಟ್ಟೂದು". ಮಾತು ಕಲಿತದ್ದೇ ಅವಳ ಬಾಯಿಂದ. ಹಾಗಾಗಿ ಯಾರಾದರೂ ಹಾಗೆ ಮಾತಾಡಿದರೆ ಬರೆದಿಟ್ಟುಕೊಳ್ಳದೆ ಇರಲಾರೆ.

ಖಾನಾವಳಿಗೆ ಎಷ್ಟು ದೂರ? "ಒಂದು ಕೂಗಳತಿ. ಇಲ್ಲಿಂದ ಕೂಗಿದ್ರ ರೊಟ್ಟಿ ಬಡ್ಯಾಕ ಚಾಲೂ ಮಾಡ್ತಾರ," ಎಂದಳು ಅಂಗಡಿಯಾಕೆ. ಕಾಲುವೆಗೆ? "ಚಪ್ಪಲಿ ಕಚ್ಚಲಿಲ್ಲಂದ್ರ ಸನೇಕ, ಕಚ್ಚಿದ್ರ ದೂರ," ಎಂದರು ಕೈ ಬೀಸಿದ ಆ ಹಿರಿಯರೇ. ಆನೆಗೊಂದಿಗೆ? "ಆಟೋದಾಗ ಕುಂತು ಎರಡು ಸಲ ಎಲಿ ಅಡಕಿ ಹಾಕ್ಕೊಳ್ಳೋವಷ್ಟು," ಎಂದ ಒಬ್ಬ ಆಟೋದವ. ಸಾಣಾಪುರದ ಕೆರೆಗೆ, ಮೊಮ್ಮಗನನ್ನು ಕಂಕುಳಲ್ಲಿ ಎತ್ತಿಕೊಂಡು ರೈಲು ತೋರಿಸಲು ಬಂದಿದ್ದ ಅಜ್ಜಿಯೊಬ್ಬರು ಹೇಳಿದರು: "ಕೂಸು ಒಂದು ಸಲ ಅತ್ತು, ಮಲಗಿ, ಎದ್ದು, ಬಂತೇನು ಅನ್ನೂತನ." ಇನ್ನು ಮಿಲ್ಲು. ತೌಡಿನ ಧೂಳು ನನ್ನ ಮೂಗಿಗೆ ಆಗಿಬರುವುದಿಲ್ಲ. ಅದಕ್ಕೆ ನಾನೇ ಬರೆದೆ: "ಅಕ್ಕಿ ಮಿಲ್ಲು. ಸೀನು ಬರೂತನ ನಡೀರಿ."

ಎಲ್ಲರೂ ನಕ್ಕೆವು. ಹಾಳೆ ಮಡಿಚಿ ಇಟ್ಟುಕೊಂಡೆ.

ಆ ಗುರುವಾರ ಯಲಬುರ್ಗಾದಲ್ಲಿ ನನ್ನ ತಮ್ಮನ ಮಗಳ ಕುಬುಸದ ಕಾರ್ಯ. ಚೊಚ್ಚಲ ಬಸಿರಿ, ಹೋಗದೆ ಇರಲಾಗದು. ಬಸ್ಸಿಗೆ ಹೊರಟವಳು ಚಾಚಾರ ಮನೆಯ ಮುಂದೆ ನಿಂತು ಹಾಳೆ ಕೊಟ್ಟೆ. "ಗೋಡಿ ಮ್ಯಾಲೆ ಎಷ್ಟು ಸಾಲು ಬರ್ತಾವು ನೋಡ್ಕೊಂಡಿರ್ರಿ. ಉಳಿದದ್ದು ಬಂದ ಮ್ಯಾಲೆ," ಎಂದೆ. ಉಳಿದದ್ದು ಎಂದರೆ ಕಿಲೋಮೀಟರು ಎಂದು ನನ್ನ ಮನಸ್ಸಿನಲ್ಲಿ. ಅದು ನನ್ನ ಮನಸ್ಸಿನಲ್ಲೇ ಉಳಿಯಿತು. ಹಾಳೆಯ ಮೇಲೆ ಕಿಲೋಮೀಟರ್ ಎಂಬ ಪದವೇ ಇರಲಿಲ್ಲ.

ಒಂದು ದಿನಕ್ಕೆಂದು ಹೋದವಳನ್ನು ಎರಡು ದಿನ ಬಿಡಲಿಲ್ಲ. ಬಸಿರಿಗೆ ಹಸಿರು ಸೀರೆ, ಹಸಿರು ಬಳೆ, ಹೋಳಿಗೆ, ಹಾಡು. ಫೋನು ಚೀಲದ ತಳದಲ್ಲಿ ಬಡಿದುಕೊಂಡದ್ದು ಯಾರಿಗೂ ಕೇಳಿಸಲಿಲ್ಲ. ಶನಿವಾರ ಸಂಜೆ ಗಂಗಾವತಿಯಲ್ಲಿ ಇಳಿದು, ಸ್ಟೇಷನ್ನಿನ ಮುಂದೆ ಹಾದು ಬರುವಾಗ ಚಹಾದಂಗಡಿಯ ಮುಂದೆ ಜನ. ಗೋಡೆ ಸುಣ್ಣದ ಬಿಳುಪಿನಲ್ಲಿ ಹೊಳೆಯುತ್ತಿತ್ತು. ಅದರ ಮೇಲೆ ನೀಲಿ ಅಕ್ಷರ, ಕೆಂಪು ನೆರಳು. ಎಷ್ಟು ಚೆಂದ ಎಂದರೆ, ಓದುವುದಕ್ಕೆ ಮೊದಲೇ ನನಗೆ ಕಣ್ಣು ತುಂಬಿತು. ಓದಿದ ಮೇಲೆ ಚೀಲ ಅಲ್ಲೇ ಕೆಳಗಿಟ್ಟೆ.

ಕೂಗಳತೆ ಇತ್ತು. ಕಚ್ಚುವ ಚಪ್ಪಲಿ ಇತ್ತು. ಅಳುವ ಕೂಸು ಇತ್ತು. ನಟ್ಟನಡುವೆ, ಎಲ್ಲಕ್ಕಿಂತ ಚೆಂದವಾಗಿ ಬಿಡಿಸಿದ ಸಾಲು: ಅಕ್ಕಿ ಮಿಲ್ಲು. ಸೀನು ಬರೂತನ ನಡೀರಿ.

"ಚಾಚಾ, ಇದೇನು ಮಾಡಿದ್ರಿ?"

ಚಾಚಾ ಟರ್ಪಂಟೈನಿನಲ್ಲಿ ಬ್ರಶ್ ತೊಳೆಯುತ್ತಿದ್ದರು. "ಐದು ಸಲ ಫೋನ್ ಹಚ್ಚಿದೆ ಅಕ್ಕೋರ, ಎತ್ತಲಿಲ್ಲ. ಐತವಾರ ಸಾಹುಕಾರ್ರು ಬರ್ತಾರಂತ ಮುಗಿಸಿಬಿಟ್ಟೆ. ಯಾಕ್ರಿ, ಏನರ ಬಿಟ್ಟೀನೇನು?"

"ಬಿಟ್ಟಿಲ್ಲ ಅನ್ನೂದ ತಕರಾರು! ಅದು ನಾ ನಗಾಟಕ್ಕ ಬರಕೊಂಡಿದ್ದು. ನಿಮಗ ಅನ್ನಿಸಲಿಲ್ಲೇನು?"

"ಅನ್ನಿಸ್ತು," ಎಂದರು. "ಆದ್ರ ನೀವು ಕಲತವ್ರು, ಏನೋ ಇರಬೇಕು ಅಂದ್ಕೊಂಡೆ. ನಲವತ್ತು ವರ್ಷ ಆತು, ಚೀಟಿನ್ಯಾಗ ಇದ್ದದ್ದು ಬರದೀನಿ. ಒಂದು ಚುಕ್ಕಿ ಇತ್ತಾಗ ಇಟ್ಟಾಂವ ಅಲ್ಲ, ಅತ್ತಾಗ ಇಟ್ಟಾಂವ ಅಲ್ಲ. ನನ್ನ ಉಸ್ತಾದ್ರು ಕಲಿಸಿದ್ದು ಅದೊಂದ. ಅಕ್ಷರ ನಮ್ಮದು, ಮಾತು ಗಿರಾಕಿದು."

ಡ್ರೈವರ್ ತಲೆಯ ಮೇಲೆ ಕೈ ಹೊತ್ತು ಬೆಂಚಿನ ಮೇಲೆ ಕೂತಿದ್ದ. "ನಾ ಆವಾಗ್ಲೇ ಫ್ಲೆಕ್ಸ್ ಅಂದೆ. ಅಕ್ಕೋರ, ಗಿರಾಕಿ ಇದನ್ನ ಓದಿ ಆಟೋ ಹತ್ತತಾನೇನ್ರಿ? ಸಾಹುಕಾರ್ರು ಬೀಗರ ಮುಂದ ಇದನ್ನ ಓದಿದ್ರ ಚಾಚಾನ ಕಥಿ ಮುಗೀತು."

ಅಳಿಸಿಬಿಡಿ ಎಂದೆ. ಚಾಚಾ ಬೆರಳಿನಿಂದ ಅಕ್ಷರದ ಅಂಚು ಮುಟ್ಟಿ ತೋರಿಸಿದರು. ಎನಾಮಲ್ ಬಣ್ಣ ಇನ್ನೂ ಹಸಿ. ಈಗ ಬಿಳಿ ಬಳಿದರೆ ಕಲಸಿ ಕೆಸರಾಗುತ್ತದೆ. ನಾಳೆ ಮಧ್ಯಾಹ್ನದ ತನಕ ಮುಟ್ಟುವಂತಿಲ್ಲ. ರೈಲು ಬರುವುದು ಅದಕ್ಕೆ ಮೊದಲು. ಅವರು ಹೇಳಿದ್ದು ಅಷ್ಟೇ. ನನ್ನನ್ನು ಬೈದಿದ್ದರೆ ಹಗುರಾಗುತ್ತಿತ್ತು. ತೊಳೆದ ಬ್ರಶ್ಶುಗಳನ್ನು ಒಂದೊಂದಾಗಿ ಒರೆಸಿ ಡಬ್ಬಿಯಲ್ಲಿ ಇಡುತ್ತಾ ಹೋದರು, ಮತ್ತೆ ತೆಗೆಯುವುದಿದೆಯೋ ಇಲ್ಲವೋ ಎಂಬಂತೆ.

ಉಪಾಯ ಹೊಳೆದದ್ದು ಅಂಗಡಿಯಾಕೆಗೆ. ಭಾನುವಾರ ಬೆಳಿಗ್ಗೆ ಗೋಡೆಯ ಮುಂದೆ, ಪೇಂಟಿಗೆ ತಾಗದಂತೆ ಗೇಣು ದೂರ ಬಿಟ್ಟು ಒಂದು ಹಗ್ಗ ಕಟ್ಟಿ, ತನ್ನ ಒದ್ದೆ ಸೀರೆ ಹರವಿದಳು. ಸರಿಯಾಗಿ ಮಿಲ್ಲಿನ ಸಾಲಿನ ಮೇಲೆ. "ಸೀರಿ ಒಣಾಕ ಹಾಕೀನಿ. ಯಾರು ಕೇಳ್ತಾರ?"

ರೈಲು ಬಂತು. ಇಳಿದವರು ಗೋಡೆಯ ಮುಂದೆ ನಿಂತರು. ಓದಿದರು, ಒಬ್ಬರ ಮುಖ ಒಬ್ಬರು ನೋಡಿದರು. ಚಪ್ಪಲಿ ಕಚ್ಚುವ ಸಾಲಿಗೆ ಒಬ್ಬ ತನ್ನ ಹೊಸ ಬೂಟು ನೋಡಿಕೊಂಡ. ಸಾಹುಕಾರರು ಬೀಗರನ್ನು ಕರೆದುಕೊಂಡು ಹೊರಬಂದರು. ನಾನು, ಚಾಚಾ, ಡ್ರೈವರ್ ಮೂವರೂ ಸೀರೆಯ ಮುಂದೆ ಯಾವುದೋ ಫೋಟೋಕ್ಕೆ ನಿಂತವರಂತೆ ನಿಂತಿದ್ದೆವು. ಸಾಹುಕಾರರು ದೂರದಿಂದಲೇ ನೋಡಿ ತಲೆದೂಗಿದರು. ಇನ್ನೇನು ಕಾರು ಹತ್ತಬೇಕು, ಅಷ್ಟರಲ್ಲಿ ಅವರ ಬೀಗಿತ್ತಿ, ಕೈ ತುಂಬಾ ಬಳೆಯ ಹಿರಿಯಾಕೆ, ಸೀದಾ ಗೋಡೆಗೆ ಬಂದರು. ಎಲ್ಲ ಸಾಲು ಓದಿದರು. ನಡುವೆ ಒಂದು ಸಾಲಿಗೆ ಮುಸುಕು ಹಾಕಿದ್ದರೆ ಯಾವ ಹೆಂಗಸು ಸುಮ್ಮನಿರುತ್ತಾಳೆ? ನಾನಾಗಿದ್ದರೂ ಎತ್ತುತ್ತಿದ್ದೆ. ಅವರು ಎತ್ತಿದರು.

ಎತ್ತಿ, ಗಟ್ಟಿಯಾಗಿ ಓದಿದರು. ಓದಿ, ಸೀರೆಯ ತುದಿಯನ್ನು ಹಿಡಿದುಕೊಂಡೇ ಬಗ್ಗಿ ಬಗ್ಗಿ ನಕ್ಕರು. "ಬೀಗರ, ನಿಮ್ಮ ಮನಿಗೆ ಅಡ್ರೆಸ್ ಕೇಳಿ ಕೇಳಿ ಸಾಕಾಗಿತ್ತು. ಮೂಗು ಇದ್ರ ಸಾಕಲ್ಲ!"

ಸಾಹುಕಾರರು ನಗಲಿಲ್ಲ. ಹತ್ತಿರ ಬಂದರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಮತ್ತೊಮ್ಮೆ ಓದಿದರು. "ಇದನ್ನ ಬರದಾವ್ರು ಯಾರು?"

ನಾನು ಮುಂದೆ ಬಂದೆ. "ಮಾತು ನಂದು ಸಾಹುಕಾರ್ರ. ತಪ್ಪು ನಂದು. ಅಕ್ಷರ ಅಷ್ಟ ಅವರ್ದು. ಅದು ಬೋರ್ಡಿಗೆ ಕೊಟ್ಟ ಚೀಟಿ ಅಲ್ಲ, ನಾ ಹುಚ್ಚುಚ್ಚಾರ ಬರಕೊಂಡಿದ್ದು."

ಅವರು ಚಾಚಾರ ಕಡೆ ತಿರುಗಿದರು. "ನಿಮಗ ಓದಾಕ ಬರ್ತೈತಲ್ಲ? ಇದು ಸರಿ ಇಲ್ಲ ಅಂತ ತಿಳಿಲಿಲ್ಲೇನು?"

"ತಿಳೀತ್ರಿ."

"ಮತ್ತ ಯಾಕ ಬದಲ ಮಾಡಲಿಲ್ಲ?"

"ಚೀಟಿ ಅಕ್ಕೋರದು ಸಾಹೇಬ್ರ. ಅದ್ರಾಗ ಕೈ ಹಾಕಾಕ ನಾ ಯಾರು?"

ಸಾಹುಕಾರರು ಬೀಗಿತ್ತಿಗೆ ಹೇಳಿದಂತೆ ಮಾಡಿ ನಮಗೆಲ್ಲ ಹೇಳಿದರು. ಅವರ ತಂದೆಯ ವರ್ಷದ ಪೂಜೆಗೆ ಮಿಲ್ಲಿನ ಗೇಟಿಗೆ ಫ್ಲೆಕ್ಸ್ ಮಾಡಿಸಿದ್ದರಂತೆ. ಬರೀ ಹೆಸರು, ಒಂದು ಫೋಟೋ ಎಂದು ಹೇಳಿ ಕಳಿಸಿದ್ದರು. ಬಂದದ್ದು ನೋಡಿದರೆ ತಂದೆಯ ಆ ಕಡೆ ನವಿಲು, ಈ ಕಡೆ ಜಲಪಾತ, ಕೊರಳ ಸುತ್ತ ಗುಲಾಬಿ. ಕೇಳಿದರೆ ಫ್ಲೆಕ್ಸಿನವರು "ಛಂದ ಕಾಣ್ಲಿ ಅಂತ ನಾವ ಹಾಕೀವ್ರಿ" ಎಂದರಂತೆ. "ನಮ್ಮ ನಾನ್ನ, ಅಂದ್ರ ನಮ್ಮಪ್ಪ, ಜೀವಮಾನದಾಗ ಒಂದು ಗುಲಾಬಿ ಮೂಸಿದಾಂವ ಅಲ್ಲ. ಎರಡು ದಿನ ಊರೆಲ್ಲ ನವಿಲು ನೋಡಾಕ ಬಂದ್ರು."

ಆಮೇಲೆ ಗೋಡೆಯ ಮೇಲಿನ ಅಕ್ಷರಗಳ ಮೇಲೆ ಕಣ್ಣಾಡಿಸುತ್ತಾ, "ಇಂಥಾ ಹುಚ್ಚು ಮಾತನ್ನೂ ಇದ್ದಂಗ ಬರದೀರಿ ಅಂದ್ರ ನನ್ನ ಮಾತೂ ಇದ್ದಂಗ ಬರೀತೀರಿ," ಎಂದರು. "ಸೋಮವಾರ ಬರ್ರಿ ಚಾಚಾ. ಆದ್ರ ಒಂದು ಕರಾರು. ಚೀಟಿ ನಾನ ಬರದು ಕೊಡ್ತೀನಿ. ಅಕ್ಕೋರ ಕಡೆ ಹೋಗಬ್ಯಾಡ್ರಿ."

ಚಾಚಾ ಕೈ ಮುಗಿದರು. ಡ್ರೈವರ್ ಅಂಗಡಿಯಾಕೆಗೆ ಕೂಗಿ ಅವರಿಗೊಂದು ಚಹಾ ಹೇಳಿದ.

ಗೋಡೆ ಹಾಗೆಯೇ ಉಳಿಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಆಟೋದವರು ಹಟ ಹಿಡಿದು ಪ್ರತಿ ಸಾಲಿನ ಕೊನೆಗೆ ಕಿಲೋಮೀಟರ್ ಬರೆಸಿದರು. ಮಿಲ್ಲಿನ ಸಾಲನ್ನು ನಾನೇ ನಿಂತು ಅಳಿಸಿ ಹಾಕಿಸಿದೆ. ಬೀಗಿತ್ತಿ ಮಾತ್ರ ಹೋಗುವ ಮೊದಲು ಅದರ ಫೋಟೋ ತೆಗೆದುಕೊಂಡಿದ್ದರು. ಅದು ಎಷ್ಟು ಊರುಗಳ ಬೀಗರಿಗೆ ಹೋಗಿದೆಯೋ ಗೊತ್ತಿಲ್ಲ.

ಈಗ ನನ್ನ ವಾಕಿಂಗ್ ಸ್ಟೇಷನ್ನಿನಿಂದ ಮಿಲ್ಲಿನ ತನಕ ಬೆಳೆದಿದೆ. ಉದ್ದ ಗೋಡೆಗೆ ಗೆರೆ ಹೊಡೆಯಲು ಬಣ್ಣದ ಪುಡಿ ಸವರಿದ ದಾರವನ್ನು ಆ ತುದಿಯಲ್ಲೊಬ್ಬರು, ಈ ತುದಿಯಲ್ಲೊಬ್ಬರು ಹಿಡಿಯಬೇಕು. ಒಬ್ಬರೇ ಹೇಗೆ ಮಾಡುತ್ತಾರೆ ಎಂದು ಮೊದಲ ದಿನವೇ ಹೋಗಿ ಒಂದು ತುದಿ ಹಿಡಿದೆ. ಮೂಗಿಗೆ ಸೆರಗು ಕಟ್ಟಿಕೊಂಡು, ಸಾಹುಕಾರರ ಚೀಟಿಯಲ್ಲಿ ಒಂದು ಸಾಲು ಇನ್ನೂ ಚೆಂದ ಮಾಡಬಹುದಿತ್ತು ಎಂದು ಶುರು ಮಾಡಿದ್ದೆನಷ್ಟೆ.

"ಅಕ್ಕೋರ, ದಾರ ಹಿಡೀರಿ," ಎಂದರು ಚಾಚಾ, ಆ ತುದಿಯಿಂದ ತಿರುಗಿಯೂ ನೋಡದೆ. "ಬಿಗಿಯಾಗಿ. ಬಾಯಿ ಮಾತ್ರ ಮುಚ್ಚಿರ್ರಿ."

ದಾರ ಬಿಗಿ ಹಿಡಿದೆ. ಅವರು ನಡುವೆ ಬಂದು ಅದನ್ನು ಎರಡು ಬೆರಳಲ್ಲಿ ಎಳೆದು ಬಿಟ್ಟರು. ಬಿಳಿ ಗೋಡೆಯ ಮೇಲೆ ಉದ್ದಕ್ಕೂ ಒಂದು ನೀಲಿ ಗೆರೆ ಬಿತ್ತು, ಎಲ್ಲೂ ಕೊಂಕಿರಲಿಲ್ಲ.